ಅಂಗಳದ ಕೆಳಗಿರುವುದೂ ಮಾರಾಟದಲ್ಲಿ ಸೇರಿದೆ

ಮನೆ ಕೊಳ್ಳುವಾಗ ನಮ್ಮವರು ಏನೇನು ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಪಳ್ಳಿ ಎಷ್ಟು ದೂರ, ಮದ್ರಸ ಹತ್ತಿರ ಉಂಟಾ, ಗೇಟಿನವರೆಗೆ ಕಾರು ಬರುತ್ತದಾ, ಮೇ ತಿಂಗಳಲ್ಲಿ ಬಾವಿಯಲ್ಲಿ ನೀರು ಇರುತ್ತದಾ. ಮತ್ತೆ ವಕೀಲರ ಹತ್ತಿರ ಹೋಗಿ ಇ.ಸಿ., ಖಾತಾ, ತೆರಿಗೆ ರಶೀದಿ, ಹಳೆಯ ಕ್ರಯಪತ್ರ ಎಲ್ಲ ತೋರಿಸುತ್ತಾರೆ. ಇಷ್ಟೆಲ್ಲ ವಿಚಾರಿಸುವವರು ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಕೇಳುವುದಿಲ್ಲ. ಕೇಳ್ಲಿಕ್ಕೆ ಒಂದು ನಾಚಿಕೆ. ಕೇಳಿದರೂ "ಪಿಟ್ ಹಿಂದೆ ಉಂಟು, ಏನೂ ತೊಂದರೆ ಇಲ್ಲ" ಎಂಬ ಒಂದು ಮಾತಿಗೆ ವಿಷಯ ಮುಗಿಯುತ್ತದೆ.

ತೊಂದರೆ ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಜುಲೈ ತಿಂಗಳಲ್ಲಿ. ನಮ್ಮ ಕಡೆ ಮನೆ ವ್ಯಾಪಾರ ಹೆಚ್ಚಾಗಿ ನಡೆಯುವುದು ಬೇಸಗೆಯಲ್ಲಿ. ಗಲ್ಫಿನಲ್ಲಿರುವ ಮಗ ವಾಟ್ಸಪ್ ವಿಡಿಯೊದಲ್ಲಿ ಮನೆ ನೋಡುತ್ತಾನೆ. ಹೊಸ ಟೈಲ್ಸ್, ಹೊಸ ಬಣ್ಣ, ಅಂಗಳಕ್ಕೆ ಇಂಟರ್‌ಲಾಕ್. ಹತ್ತು ಹದಿನೈದು ವರ್ಷ ದುಡಿದು ಉಳಿಸಿದ ಹಣ, ಅದಕ್ಕೆ ಹೆಂಡತಿಯ ಚಿನ್ನ ಮಾರಿದ ಹಣವನ್ನೂ ಸೇರಿಸಿ ಕೊಡುತ್ತಾನೆ. ರಿಜಿಸ್ಟ್ರಿ ಆಗುತ್ತದೆ, ಮನೆಯವರು ಬಂದು ಕೂರುತ್ತಾರೆ. ಮಳೆ ಹಿಡಿದ ಮೂರನೇ ವಾರ ಕಕ್ಕಸಿನಲ್ಲಿ ಹೊಯ್ದ ನೀರು ಇಳಿಯುವುದಿಲ್ಲ. ಇಂಟರ್‌ಲಾಕಿನ ಸಂದಿನಿಂದ ಕಪ್ಪು ನೀರು ಏಳುತ್ತದೆ. ಬಾವಿಯ ನೀರಿಗೆ ವಾಸನೆ. ಆಮೇಲೆ ಮನೆಯಲ್ಲಿ ಒಬ್ಬರಿಗೆ ಭೇದಿ, ಇನ್ನೊಬ್ಬರಿಗೆ ಜಾಂಡಿಸ್. ಮಾರಿದವರಿಗೆ ಫೋನ್ ಮಾಡಿದರೆ "ನಾವು ಇರುವಾಗ ಹಾಗೆ ಇರಲಿಲ್ಲ" ಅಂತ ಉತ್ತರ. ಇಂಥ ಜಗಳ ಎಷ್ಟೋ ಜಮಾಅತ್‌ಗಳ ಕಮಿಟಿಯ ಮುಂದೆ ಬಂದು ಕೂತಿದೆ.

ಇದು ಯಾಕೆ ಮಳೆಗಾಲದಲ್ಲೇ ಆಗುತ್ತದೆ? ನಮ್ಮ ಹೆಚ್ಚಿನ ಊರುಗಳಲ್ಲಿ ನೆಲದಡಿ ಇರುವುದು ಮುರಕಲ್ಲು. ಅದರ ಮೈತುಂಬ ತೂತು. ಬೇಸಗೆಯಲ್ಲಿ ಗುಂಡಿಗೆ ಬಿದ್ದ ನೀರು ಆ ತೂತುಗಳಲ್ಲಿ ಇಳಿದು ಹೋಗುತ್ತದೆ, ಹಾಗಾಗಿ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಭೂಮಿಯ ಒಳಗಿನ ನೀರು ಮೇಲಕ್ಕೆ ಬರುತ್ತದೆ. ಆಗ ಗುಂಡಿಯ ನೀರಿಗೆ ಹೋಗ್ಲಿಕ್ಕೆ ಜಾಗ ಇಲ್ಲ. ಒಂದೋ ಮೇಲೆ ಉಕ್ಕುತ್ತದೆ, ಇಲ್ಲವೇ ಅಡ್ಡಕ್ಕೆ ಹರಿದು ಹತ್ತಿರದ ಬಾವಿ ಸೇರುತ್ತದೆ. ಹೊಯ್ಗೆ ಮಣ್ಣಿನಲ್ಲಿ ನೀರು ನಿಧಾನಕ್ಕೆ ಸೋಸಿ ಇಳಿದರೆ ರೋಗಾಣು ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಮುರಕಲ್ಲಿನ ತೂತಿನಲ್ಲಿ ಹರಿದ ನೀರಿಗೆ ಆ ಸೋಸುವಿಕೆ ಸಿಗುವುದಿಲ್ಲ. ಕಡಲ ಬದಿಯ ಊರುಗಳಲ್ಲಿ ಹೊಯ್ಗೆ ಉಂಟು, ಆದರೆ ಅಲ್ಲಿ ನೀರೇ ಬಹಳ ಮೇಲೆ ಉಂಟು. ಎರಡು ಕಡೆಯೂ ಕಷ್ಟವೇ.

ಇನ್ನೊಂದು ಗೊಂದಲ ಉಂಟು. ನಾವು ಎಲ್ಲವನ್ನೂ 'ಸೆಪ್ಟಿಕ್ ಟ್ಯಾಂಕ್' ಅಂತ ಕರೆಯುತ್ತೇವೆ. ನಿಜವಾದ ಸೆಪ್ಟಿಕ್ ಟ್ಯಾಂಕ್ ಅಂದರೆ ಅಡಿಯೂ ಗೋಡೆಯೂ ನೀರು ಸೋರದ ಹಾಗೆ ಕಟ್ಟಿದ ತೊಟ್ಟಿ. ಅದರಲ್ಲಿ ಭಾರದ ಕೆಸರು ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಪೈಪಿನಲ್ಲಿ ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಹಳೆ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದಲ್ಲ. ಮುರಕಲ್ಲು ಅಥವಾ ಸಿಮೆಂಟ್ ರಿಂಗ್ ಇಳಿಸಿದ, ಅಡಿಗೆ ಕಾಂಕ್ರೀಟ್ ಇಲ್ಲದ ಒಂದೇ ಗುಂಡಿ. ಕಕ್ಕಸಿನದ್ದೆಲ್ಲ ಅದಕ್ಕೇ ಬೀಳುತ್ತದೆ, ಅಲ್ಲಿಂದಲೇ ನೆಲಕ್ಕೆ ಇಳಿಯುತ್ತದೆ. "ಇಪ್ಪತ್ತು ವರ್ಷದಿಂದ ಒಮ್ಮೆಯೂ ಖಾಲಿ ಮಾಡಿಸಲಿಲ್ಲ, ಅಷ್ಟು ಒಳ್ಳೆ ಪಿಟ್" ಅಂತ ಮಾರುವವರು ಹೆಮ್ಮೆಯಿಂದ ಹೇಳುವುದುಂಟು. ಅದು ಹೆಮ್ಮೆ ಪಡುವ ಮಾತಲ್ಲ. ಸರಿಯಾದ ಟ್ಯಾಂಕನ್ನು 2ರಿಂದ 3 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಅಂತ ಸರಕಾರದ ಕೈಪಿಡಿ ಹೇಳುತ್ತದೆ. ಇಪ್ಪತ್ತು ವರ್ಷ ತುಂಬದ ಗುಂಡಿಯ ನೀರು ಎಲ್ಲಿಗೋ ಹೋಗಿರಬೇಕಲ್ಲ?

ದೂರದ ಲೆಕ್ಕವನ್ನೂ ನೋಡೋಣ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 2470 ಎಂಬ ನಿಯಮದ ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕು. ಈಗ 5 ಸೆಂಟ್ಸ್ ಜಾಗ ತೆಗೆದುಕೊಳ್ಳಿ. ಅದು ಚೌಕವಾಗಿದ್ದರೆ ಒಂದು ಬದಿ ಸುಮಾರು 47 ಅಡಿ. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ 66 ಅಡಿ. ಬಾವಿ ಒಂದು ಮೂಲೆಯಲ್ಲಿ, ಗುಂಡಿ ಸರಿಯಾಗಿ ಎದುರು ಮೂಲೆಯಲ್ಲಿ ಇದ್ದರೆ ಮಾತ್ರ ನಿಯಮಕ್ಕೆ ಹೊಂದುತ್ತದೆ. ಆದರೆ ಆ ಎದುರು ಮೂಲೆಯ ಕಾಂಪೌಂಡಿನ ಆಚೆ ನೆರೆಮನೆಯವರ ಬಾವಿ ಇರಬಹುದು. ಮನೆಗೆ ಮನೆ ತಾಗಿದ ನಮ್ಮ ಮೊಹಲ್ಲಾಗಳಲ್ಲಿ ಬಾವಿಯೂ ಗುಂಡಿಯೂ ಎಷ್ಟು ಹತ್ತಿರ ಉಂಟು ಎಂಬುದನ್ನು ಓದುಗರು ತಮ್ಮ ಅಂಗಳದಲ್ಲೇ ಅಳೆದು ನೋಡಬಹುದು.

ಮಾರುವ ಮೊದಲು ಇದನ್ನೆಲ್ಲ ಪರೀಕ್ಷೆ ಮಾಡಿಸಲೇಬೇಕು ಅಂತ ಕಾನೂನು ಮಾಡಿದ ದೇಶಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 'ಟೈಟಲ್ 5' ಎಂಬ ನಿಯಮವನ್ನು 1995ರಲ್ಲಿ ಬಿಗಿ ಮಾಡಿದರು. ಸೆಪ್ಟಿಕ್ ವ್ಯವಸ್ಥೆ ಇರುವ ಮನೆ ಮಾರಬೇಕಾದರೆ ಹಿಂದಿನ 2 ವರ್ಷದೊಳಗೆ ಅದರ ಪರೀಕ್ಷೆ ಆಗಿರಬೇಕು. ಪ್ರತಿ ವರ್ಷ ಖಾಲಿ ಮಾಡಿಸಿ ರಶೀದಿ ಇಟ್ಟವರಿಗೆ 3 ವರ್ಷದವರೆಗೆ ವಿನಾಯಿತಿ. ಪರೀಕ್ಷೆ ಮಾಡುವವರು ಸರಕಾರದ ಒಪ್ಪಿಗೆ ಪಡೆದವರಾಗಿರಬೇಕು, ವರದಿಯ ಪ್ರತಿ ಊರಿನ ಆರೋಗ್ಯ ಮಂಡಳಿಗೂ ಹೋಗುತ್ತದೆ. ಹಳೆ ಮಾದರಿಯ ಗುಂಡಿ ಬಾವಿಗೆ 50 ಅಡಿಗಿಂತ ಹತ್ತಿರ ಇದ್ದರೆ ಅದು ಫೇಲ್. ಫೇಲಾದದ್ದನ್ನು ಸಾಮಾನ್ಯವಾಗಿ 2 ವರ್ಷದೊಳಗೆ ಸರಿಮಾಡಬೇಕು. ಫ್ರಾನ್ಸಿನಲ್ಲಿ 2011ರಿಂದ, ಮಾರುವ ಮನೆಯ ದಾಖಲೆಯ ಜೊತೆಗೆ 3 ವರ್ಷದೊಳಗಿನ ಪರೀಕ್ಷಾ ವರದಿ ಇರಲೇಬೇಕು. ಇಂಗ್ಲೆಂಡಿನಲ್ಲಿ ಮನೆಯ ಹೊಲಸು ನೀರಿನ ವ್ಯವಸ್ಥೆ ಏನು, ಎಲ್ಲಿ ಉಂಟು ಎಂಬುದನ್ನು ಮಾರುವವರು ಕೊಳ್ಳುವವರಿಗೆ ಬರಹದಲ್ಲಿ ಕೊಡಬೇಕು. ಮನೆ ಕೈ ಬದಲಾಗುವಾಗಲೇ ಇದನ್ನೆಲ್ಲ ಕೇಳುವುದಕ್ಕೆ ಕಾರಣ ಉಂಟು. ಆಗ ಹಣ ಓಡಾಡುತ್ತಿರುತ್ತದೆ, ಎರಡು ಕಡೆಯವರೂ ಎದುರುಬದುರು ಕೂತಿರುತ್ತಾರೆ. ಮತ್ತೆ ಯಾರು ಕೇಳುತ್ತಾರೆ?

ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಥ ಕಾಗದ ಯಾರೂ ಕೇಳುವುದಿಲ್ಲ. ಹಾಗಂತ ನಮ್ಮ ಕಾನೂನು ಬಾಯಿ ಮುಚ್ಚಿ ಕೂತಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 55ನೇ ಕಲಂ ನೋಡಿ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಾನಾಗಿ ಹೇಳಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಅಂತ ಅದೇ ಕಲಂ ಹೇಳುತ್ತದೆ. ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ, ಇಂಟರ್‌ಲಾಕಿನ ಕೆಳಗಿನ ಗುಂಡಿ ಕಾಣುವುದಿಲ್ಲ. ಪ್ರತಿ ಮಳೆಗಾಲದಲ್ಲಿ ಉಕ್ಕುವ ಗುಂಡಿಯ ವಿಷಯ ಮನೆಯಲ್ಲಿದ್ದವರಿಗೆ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ಕರಾರಿನಲ್ಲಿ ಬೇರೆ ಒಪ್ಪಂದ ಬರೆದಿದ್ದರೆ ಲೆಕ್ಕ ಬೇರೆಯಾಗಬಹುದು. ಹಾಗಾಗಿ ಸಹಿ ಮಾಡುವ ಮೊದಲು ವಕೀಲರ ಹತ್ತಿರ ಈ ಒಂದು ವಿಷಯ ವಿಶೇಷವಾಗಿ ಕೇಳಿಕೊಳ್ಳಿ.

ಶರೀಅತ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಉಂಟು. ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ (ಸ.ಅ.) ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು ಎಂಬ ಹದೀಸ್ ನಮ್ಮ ಮಕ್ಕಳಿಗೂ ಪಾಠವಾಗಿದೆ. ಮಳೆಗೆ ನೆನೆಯಿತು ಅಂತ ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿದರು, ಮೋಸ ಮಾಡುವವನು ತಮ್ಮವನಲ್ಲ ಎಂದರು. ಆ ಧಾನ್ಯವನ್ನು ಒದ್ದೆ ಮಾಡಿದ್ದು ವ್ಯಾಪಾರಿಯಲ್ಲ, ಮಳೆ. ಅವನ ತಪ್ಪು ಒಂದೇ: ಒಣಗಿದ್ದನ್ನು ಮೇಲೆ ಇಟ್ಟು ಒದ್ದೆಯನ್ನು ಅಡಿಗೆ ಹಾಕಿದ್ದು. ಉಕ್ಕುವ ಗುಂಡಿಯ ಮೇಲೆ ಇಂಟರ್‌ಲಾಕ್ ಹಾಕಿಸಿ ಮಾರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಾವು ಅನುಸರಿಸುವ ಶಾಫಿಈ ಫಿಕ್‌ಹ್‌ನಲ್ಲಿ ಈ ವಿಷಯ ಸ್ಪಷ್ಟವಾಗಿ ಉಂಟು. ವಸ್ತುವಿನ ಬೆಲೆಯನ್ನೋ ಉಪಯೋಗವನ್ನೋ ಕಡಿಮೆ ಮಾಡುವ, ಅಂಥ ವಸ್ತುವಿನಲ್ಲಿ ಸಾಮಾನ್ಯವಾಗಿ ಇರಬಾರದ ಕೊರತೆಗೆ 'ಐಬ್' ಅನ್ನುತ್ತಾರೆ. ಗೊತ್ತಿರುವ ಐಬನ್ನು ಮುಚ್ಚಿಡುವುದು ಹರಾಂ. ಮಾರುವವನಿಗೆ ಮಾತ್ರವಲ್ಲ, ಆ ಐಬ್ ಗೊತ್ತಿರುವ ಮೂರನೆಯವನಿಗೂ ಕೊಳ್ಳುವವನಿಗೆ ತಿಳಿಸುವುದು ಕಡ್ಡಾಯ. ಬ್ರೋಕರ್ ಆಗಿ ಕಮಿಷನ್ ಪಡೆಯುವವರು ಈ ಮಾತನ್ನು ಎರಡು ಸಲ ಓದಬೇಕು. ಮಾರುವವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಅಂದರೆ ಅವನ ಮೇಲೆ ಪಾಪ ಇಲ್ಲ, ಆದರೆ ಮಾರುವ ಮೊದಲೇ ಇದ್ದ ಐಬ್ ಹೊರಗೆ ಬಂದಾಗ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಳ್ಳುವವನಿಗೆ ಆಗಲೂ ಉಂಟು. "ಇದ್ದ ಹಾಗೆ ಮಾರಿದ್ದು, ಮತ್ತೆ ಯಾವ ಐಬಿಗೂ ನಾನು ಜವಾಬ್ದಾರ ಅಲ್ಲ" ಅಂತ ಮೊದಲೇ ಷರತ್ತು ಹಾಕಿದರೂ, ಮನೆಯಂಥ ಸ್ವತ್ತಿನ ಗುಪ್ತ ಐಬಿನಿಂದ ಅವನು ಬಿಡುಗಡೆಯಾಗುವುದಿಲ್ಲ. ಕೊಳ್ಳುವವರಿಗೂ ಒಂದು ಮಾತು: ಐಬ್ ಗೊತ್ತಾದ ಕೂಡಲೇ ಹೇಳಬೇಕು. ಗೊತ್ತಿದ್ದೂ ಸುಮ್ಮನೆ ಬಳಸುತ್ತ ಕೂತು, ಎರಡು ವರ್ಷದ ನಂತರ ಜಗಳಕ್ಕೆ ಹೋದರೆ ಆ ಹಕ್ಕು ಉಳಿದಿರುವುದಿಲ್ಲ.

ಮಾರುವವರ ಕಷ್ಟವೂ ನಮಗೆ ಗೊತ್ತು. ಸುಖಕ್ಕೆ ಮನೆ ಮಾರುವವರು ಕಡಿಮೆ. ಮಗಳ ಮದುವೆ, ಆಸ್ಪತ್ರೆಯ ಬಿಲ್ಲು, ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು. ಅಂಥವರಿಗೆ "ಗುಂಡಿ ಸರಿ ಇಲ್ಲ ಅಂತ ನೀವೇ ಹೇಳಿ" ಅಂದರೆ, "ಬೆಲೆ ಬೀಳುತ್ತದಲ್ಲ ಉಸ್ತಾದರೇ" ಅನ್ನುತ್ತಾರೆ. ಬೀಳುತ್ತದೆ, ಹೌದು. ಆದರೆ ಮೊದಲೇ ಹೇಳಿದರೆ ಬೀಳುವುದು ಗುಂಡಿ ಸರಿಮಾಡುವ ಖರ್ಚಿನಷ್ಟು. ಮುಚ್ಚಿಟ್ಟು ಮಾರಿದರೆ ವ್ಯಾಪಾರವೇ ಕೆಡುತ್ತದೆ, ಕೋರ್ಟು, ಮುಖ ನೋಡಲಾಗದ ಸಂಬಂಧ, ಕೊನೆಗೆ ಆ ಹಣದಲ್ಲಿ ಬರಕತ್ ಇಲ್ಲ. ಕೊಳ್ಳುವವರೂ ಇನ್ನೊಬ್ಬರ ಅವಸರ ನೋಡಿ ಹಿಂಡಬಾರದು. ಸತ್ಯ ಹೇಳಿದವನಿಗೆ ಲಕ್ಷಗಟ್ಟಲೆ ಇಳಿಸಿ ಎಂದು ಪಟ್ಟು ಹಿಡಿದರೆ ಮುಂದಿನವರು ಸತ್ಯ ಹೇಳುವುದಿಲ್ಲ. ಮೇಸ್ತ್ರಿಯಿಂದ ಸರಿಮಾಡುವ ಲೆಕ್ಕ ತರಿಸಿ, ಅಷ್ಟನ್ನು ಮಾತ್ರ ಬೆಲೆಯಿಂದ ಕಳೆಯುವುದು ನ್ಯಾಯ.

ಮಾರುವವರು, ಕೊಳ್ಳುವವರು ಇಬ್ಬರೂ ಒಪ್ಪಿದರೆ ಮುಗಿಯಿತು ಎಂಬುದೂ ಸರಿಯಲ್ಲ. ಗುಂಡಿಯ ನೀರಿಗೆ ಕಾಂಪೌಂಡ್ ಗೊತ್ತಿಲ್ಲ. ಆಚೆ ಮನೆಯ ಬಾವಿಯ ನೀರು ಕುಡಿಯುವ ಕುಟುಂಬ ಈ ವ್ಯಾಪಾರದಲ್ಲಿ ಇಲ್ಲ, ಆದರೆ ರೋಗ ಅವರಿಗೂ ಬರುತ್ತದೆ. ಆ ಮನೆಯವರು ನಮ್ಮವರಾಗಿರಲಿ, ಬೇರೆ ಧರ್ಮದವರಾಗಿರಲಿ, ನೆರೆಯವರ ಹಕ್ಕು ಒಂದೇ.

ಹಾಗಾದರೆ ಏನು ನೋಡಬೇಕು? ಮೊದಲು ಗುಂಡಿ ಎಲ್ಲಿ ಉಂಟು ಅಂತ ಸ್ಥಳದಲ್ಲೇ ತೋರಿಸಲು ಹೇಳಿ. ಮುಚ್ಚಳ ತೆಗೆಯುವ ಹಾಗೆ ಇರಬೇಕು. ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿದ್ದರೆ ಒಂದು ಕಡೆ ಬಿಡಿಸಿ ನೋಡುವ ಖರ್ಚು ಯಾರದ್ದು ಅಂತ ಮಾತಾಡಿಕೊಳ್ಳಿ. ಒಂದೇ ಗುಂಡಿಯಾ, ಟ್ಯಾಂಕ್ ಮತ್ತು ಇಂಗುಗುಂಡಿ ಬೇರೆ ಬೇರೆಯಾ ಎಂಬುದನ್ನು ಅನುಭವ ಇರುವ ಮೇಸ್ತ್ರಿಯಿಂದ ಅಥವಾ ಇಂಜಿನಿಯರ್‌ನಿಂದ ನೋಡಿಸಿ. ಕಳೆದ ಸಲ ಖಾಲಿ ಮಾಡಿಸಿದ್ದು ಯಾವಾಗ, ರಶೀದಿ ಉಂಟಾ ಕೇಳಿ. ಟೇಪು ಹಿಡಿದು ಬಾವಿಗೆ ಎಷ್ಟು ದೂರ ಅಳೆಯಿರಿ. ನಿಮ್ಮ ಬಾವಿಗೆ ಮಾತ್ರವಲ್ಲ, ಸುತ್ತಲಿನ ಬಾವಿಗಳಿಗೂ. ನೆರೆಮನೆಯ ಗುಂಡಿ ನಿಮ್ಮ ಬಾವಿಗಿಂತ ಎತ್ತರದ ಜಾಗದಲ್ಲಿ ಉಂಟಾ ಎಂಬುದನ್ನೂ ನೋಡಿ. ಎಲ್ಲ ನಲ್ಲಿ ಬಿಟ್ಟು, ಕಕ್ಕಸಿಗೆ ನಾಲ್ಕೈದು ಬಕೆಟ್ ನೀರು ಹೊಯ್ದು ಹೇಗೆ ಇಳಿಯುತ್ತದೆ ನೋಡಬಹುದು. ಆದರೆ ಮಾರ್ಚಿನಲ್ಲಿ ಸರಾಗ ಇಳಿದ ಮಾತ್ರಕ್ಕೆ ಜುಲೈಯ ಗ್ಯಾರಂಟಿ ಇಲ್ಲ. ಅದಕ್ಕೆ ಅಕ್ಕಪಕ್ಕದ ಮನೆಯ ಹೆಂಗಸರನ್ನು ವಿಚಾರಿಸಿ. ಮಳೆಗಾಲದಲ್ಲಿ ಅಲ್ಲಿ ವಾಸನೆ ಬರುತ್ತದಾ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಬಾವಿಯ ನೀರನ್ನು ಪರೀಕ್ಷೆಗೆ ಕೊಡಿ. ತಿಳಿಯಾಗಿ ಉಂಟು, ರುಚಿ ಉಂಟು ಎಂಬುದು ಸಾಕ್ಷಿಯಲ್ಲ. ಕುಡಿಯುವ ನೀರಿನ ಐ.ಎಸ್. 10500 ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಎಂಬ ಮಲದ ರೋಗಾಣು ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಹಸುಗೂಸಿಗೆ ಬಾಟಲಿ ಹಾಲು ಕಲಸುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿ ಕೆಲವು ದಿನ ಮಾತ್ರ ಚೊಕ್ಕ. ಗುಂಡಿ ಸರಿಯಾಗದಿದ್ದರೆ ಮತ್ತೆ ಅದೇ.

ಒಂದು ಮಾತನ್ನು ಒತ್ತಿ ಹೇಳಬೇಕು. ನೋಡ್ಲಿಕ್ಕೆ ಅಂತಲೋ ಕ್ಲೀನ್ ಮಾಡ್ಲಿಕ್ಕೆ ಅಂತಲೋ ಯಾರನ್ನೂ ಗುಂಡಿಯೊಳಗೆ ಇಳಿಸಬೇಡಿ. ಬೆಂಕಿಕಡ್ಡಿ ಗೀರಿ ಬಗ್ಗಿ ನೋಡಲೂ ಬೇಡಿ. ಒಳಗಿನ ಗ್ಯಾಸಿಗೆ ಬೆಂಕಿ ಹಿಡಿಯುತ್ತದೆ, ಇಳಿದವನು ಎರಡು ಉಸಿರಿನಲ್ಲಿ ಬೀಳುತ್ತಾನೆ, ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಸುರಕ್ಷತೆಯ ಸಲಕರಣೆ ಕೊಡದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಳಿಸಿದ್ದು ಕಂಪೆನಿಯೇ ಆಗಬೇಕೆಂದಿಲ್ಲ, ಮನೆ ಯಜಮಾನನಿಗೂ ಇದು ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸಿಗಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಹಣ ಎಷ್ಟು ಕೊಟ್ಟರೂ ಒಂದು ಜೀವ ವಾಪಸ್ ಬರುತ್ತದಾ? ಯಂತ್ರದ ಗಾಡಿ ಕರೆಸಿ ಖಾಲಿ ಮಾಡಿಸಿ. ಆ ಗಾಡಿ ತುಂಬಿದ್ದನ್ನು ತೋಡಿಗೆ ಬಿಡುತ್ತದಾ, ಸರಿಯಾದ ಜಾಗಕ್ಕೆ ಒಯ್ಯುತ್ತದಾ ಅಂತಲೂ ಕೇಳಿ.

ನೋಡಿದ್ದು, ತಿಳಿದದ್ದು ಬರಹಕ್ಕೆ ಬರಬೇಕು. ಮಾರಾಟದ ಕರಾರಿನಲ್ಲಿ ನಾಲ್ಕು ಸಾಲು ಸಾಕು: ಗುಂಡಿ ಎಲ್ಲಿದೆ, ಯಾವ ಬಗೆಯದು, ಕಳೆದ ಸಲ ಖಾಲಿಯಾದದ್ದು ಯಾವಾಗ, ಮಳೆಗಾಲದಲ್ಲಿ ತೊಂದರೆ ಇದೆಯೋ ಇಲ್ಲವೋ. ಬೇಸಗೆಯಲ್ಲಿ ವ್ಯಾಪಾರ ಆದರೆ ಸ್ವಲ್ಪ ಹಣವನ್ನು ಇಬ್ಬರೂ ನಂಬುವವರ ಕೈಯಲ್ಲಿ ಇಟ್ಟು, ಮಳೆಗಾಲ ಕಳೆದ ಮೇಲೆ ಕೊಡುವ ಬಗ್ಗೆಯೂ ಎರಡು ಕಡೆಯವರು ವಕೀಲರ ಹತ್ತಿರ ಕೇಳಿ ಒಪ್ಪಂದ ಮಾಡಿಕೊಳ್ಳಬಹುದು.

ಜಮಾಅತ್ ಕಮಿಟಿಗಳಿಗೂ ನಮ್ಮ ವಿನಂತಿ ಉಂಟು. ಮನೆ ಜಗಳ ಬಂದ ಮೇಲೆ ಪಂಚಾಯ್ತಿಗೆ ಕೂರುವ ಬದಲು, ಇಂಥ ನಾಲ್ಕು ಸಾಲಿನ ಒಂದು ನಮೂನೆಯನ್ನು ಮಸೀದಿಯ ಕಚೇರಿಯಲ್ಲಿ ಇಡಿ. ವ್ಯಾಪಾರಕ್ಕೆ ಸಾಕ್ಷಿ ನಿಲ್ಲುವ ಹಿರಿಯರು ಅದು ತುಂಬಿದೆಯಾ ಅಂತ ಕೇಳಲಿ. ಖತೀಬರು ಮಳೆಗಾಲಕ್ಕೆ ಮೊದಲು ಒಂದು ಜುಮಾದಲ್ಲಿ ಈ ವಿಷಯ ಎತ್ತಲಿ. ಗ್ರಾಮ ಪಂಚಾಯತ್ ಮತ್ತು ನಗರಸಭೆಗಳು ಖಾತಾ ಬದಲಾವಣೆಯ ಅರ್ಜಿಯಲ್ಲಿ ಗುಂಡಿಯ ವಿವರಕ್ಕೆ ಒಂದು ಜಾಗ ಇಟ್ಟರೆ ಎಲ್ಲ ಸಮುದಾಯಕ್ಕೂ ಉಪಕಾರ. ವಾರ್ಡಿನ ಸದಸ್ಯರು ನಮ್ಮವರೇ ಇರುವ ಕಡೆ ಇದನ್ನು ಕೇಳ್ಲಿಕ್ಕೆ ಯಾರನ್ನೂ ಕಾಯಬೇಕಾಗಿಲ್ಲ.

ತಹಾರತ್ ನಮ್ಮ ದೀನಿನ ಮೊದಲ ಪಾಠ. ಯಾವ ನೀರಿನಲ್ಲಿ ವುಝೂ ಆಗುತ್ತದೆ, ಯಾವುದರಲ್ಲಿ ಆಗುವುದಿಲ್ಲ ಅಂತ ಏಳು ವರ್ಷದ ಮಕ್ಕಳಿಗೂ ಕಲಿಸುತ್ತೇವೆ. ಅದೇ ನೀರು ಬರುವ ಬಾವಿಗೂ ನಾವು ಮಾರುವ ಗುಂಡಿಗೂ ನಡುವೆ ಎಷ್ಟು ಅಡಿ ಉಂಟು ಎಂಬುದನ್ನು ಹಣ ತೆಗೆದುಕೊಳ್ಳುವ ಮೊದಲು ಹೇಳೋಣ, ಹಣ ಕೊಡುವ ಮೊದಲು ಕೇಳೋಣ.